ಎರವಲು ಮುಖ

ಚಿಕ್ಕಮ್ಮನ ಹೊಸ ಕನ್ನಡಕ ತಯಾರಾದ ದಿನ ಅವಳಿಗೆ ಏನನ್ನಾದರೂ ನೋಡಲೇಬೇಕೆಂಬ ಹಟ ಹುಟ್ಟಿತು. ಹಳೆಯದರ ಗಾಜು ಗೀರು ಬಿದ್ದು ಬಿದ್ದು, ಎದುರಿಗೆ ಬಂದವರು ಗಂಡಸೋ ಹೆಂಗಸೋ ಎಂಬುದನ್ನು ದನಿ ಕೇಳಿಯೇ ತೀರ್ಮಾನಿಸಬೇಕಾದ ಸ್ಥಿತಿಗೆ ಬಂದಿದ್ದಳು ಪುಣ್ಯಾತ್ಗಿತ್ತಿ. ಹೊಸದು ಮೂಗಿಗೇರಿದ್ದೇ ತಡ, ಅಂಗಡಿಯ ಕನ್ನಡಿಗೆ ಮುಖವೊಡ್ಡಿ, "ಅಯ್ಯೋ ನನ್ನ ಕರ್ಮವೇ, ನನ್ನ ಮೂಗು ಇಷ್ಟು ದಪ್ಪ ಅಂತ ಒಬ್ರಾದ್ರೂ ಹೇಳ್ಬಾರ್ದಿತ್ತಾ? ಇದನ್ನ ನೋಡ್ಕೊಂಡು ಕೂರೋಕೆ ಕನ್ನಡಕ ಬೇಕಾಗಿರ್ಲಿಲ್ಲ. ನಡಿಯೇ, ಏನಾದ್ರೂ ಚೆನ್ನಾಗಿರೋದು ತೋರ್ಸು," ಎಂದು ಪಾಪುವಿನ ರಟ್ಟೆ ಹಿಡಿದಳು.

ಪಾಪು ಎಂದರೆ ಎಳೆಮಗು ಎಂದುಕೊಳ್ಳಬೇಡಿ. ಮನೆಯಲ್ಲಿ ಕರೆದ ಹೆಸರು ಹಾಗೇ ಅಂಟಿಕೊಂಡು, ಕಿವಿಯ ಪಕ್ಕ ಬೆಳ್ಳಿಕೂದಲು ಬಂದರೂ ಬಿಟ್ಟಿರಲಿಲ್ಲ, ಅಷ್ಟೆ. ಪೇಟೆಬೀದಿಯ ಕನ್ನಡಕದ ಅಂಗಡಿಯಲ್ಲಿ ಫ್ರೇಮು ಕೂರಿಸುವುದು ಅವಳ ಕೆಲಸ. ಬಂದವರನ್ನು ಎದುರಿಗೆ ಕೂರಿಸಿಕೊಂಡು, "ನನ್ನ ಕಣ್ಣನ್ನೇ ನೋಡಿ, ಆ ಕಡೆ ಈ ಕಡೆ ನೋಡ್ಬೇಡಿ," ಎಂದು ಹೇಳಿ, ಪಾಪೆ ಎಲ್ಲಿ ನಿಲ್ಲುತ್ತದೋ ಅಲ್ಲಿ ಗಾಜಿನ ಮೇಲೆ ಪೆನ್ನಿನಿಂದ ಗುರುತು ಹಾಕುವಳು. ಫ್ರೇಮಿನ ಕಡ್ಡಿಗಳನ್ನು ಬಿಸಿಮರಳಿನ ಡಬ್ಬಿಯಲ್ಲಿ ಹೂತು ಮೆತ್ತಗೆ ಮಾಡಿ, ಕಿವಿಯ ಹಿಂದಕ್ಕೆ ಸರಿಯಾಗಿ ಬಾಗಿಸುವಳು. ಊರಿನ ಅರ್ಧ ಜನ ಅವಳ ಕಣ್ಣಿಗೆ ಕಣ್ಣು ಕೊಟ್ಟು ಕೂತು ಹೋದವರೇ. ಕೊಡದೇ ಇದ್ದವರು ಒಬ್ಬರೇ ಒಬ್ಬರು, ಅವಳನ್ನು ಹೆತ್ತ ಅಮ್ಮ.

ಅಮ್ಮ ಪಾಪುವಿಗೆ ಎಂದೂ ಮುಖ ಕೊಟ್ಟು ಮಾತಾಡಿದವಳಲ್ಲ. ಹಾಗೆಂದು ಕೆಟ್ಟವಳೇ? ಖಂಡಿತ ಅಲ್ಲ. ಜ್ವರ ಬಂದರೆ ಪಕ್ಕದಲ್ಲೇ ಕೂತವಳು, ತನಗಿಲ್ಲದಿದ್ದರೂ ಮಗಳಿಗೆ ಇಟ್ಟವಳು. ಆದರೆ ಮಾತಾಡುವಾಗ ಅವಳ ನೋಟ ಪಾಪುವಿನ ಹೆಗಲ ಮೇಲೆ ನಿಲ್ಲುತ್ತಿತ್ತು. ಚಿಕ್ಕಂದಿನಲ್ಲಿ ಪಾಪು ಥಟ್ಟನೆ ಹಿಂದಕ್ಕೆ ತಿರುಗಿ ನೋಡುತ್ತಿದ್ದಳು, ತನ್ನ ಬೆನ್ನ ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು. ಯಾರೂ ಇರುತ್ತಿರಲಿಲ್ಲ. ಈಗ ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಇನ್ನೂ ತಡ ಮಾಡಿದರೆ ಕಣ್ಣು ಕೈಬಿಟ್ಟಹಾಗೆಯೇ ಎಂದು ಡಾಕ್ಟರು ಹೇಳಿದರೂ ಆಪರೇಷನ್ನಿಗೆ ಸುತಾರಾಂ ಒಪ್ಪುತ್ತಿರಲಿಲ್ಲ. "ನನಗೆ ಕತ್ತಲೇನೂ ಕಷ್ಟ ಇಲ್ಲ ಬಿಡು," ಎಂದುಬಿಡುವಳು, ಅದನ್ನೂ ಹೆಗಲಿಗೇ. ಕಣ್ಣು ಪೂರ್ತಿ ಹೋಗುವ ಮುಂಚೆ ಒಂದೇ ಒಂದು ಸಲ ತನ್ನನ್ನು ನೆಟ್ಟಗೆ ನೋಡಲಿ ಎಂಬುದು ಪಾಪುವಿನ ಆಸೆ. ಇಷ್ಟು ದೊಡ್ಡವಳಾಗಿ ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು, ನೀವೇ ಹೇಳಿ.

ಇರಲಿ, ಚಿಕ್ಕಮ್ಮನ ವಿಷಯಕ್ಕೆ ಬರೋಣ. ಅಂಗಡಿಯ ಹಿಂದಿನ ಬೀದಿಯಲ್ಲಿ, ಮೊದಲು ಅಂಚೆ ಕಚೇರಿಯಾಗಿದ್ದ ಕಟ್ಟಡದಲ್ಲಿ, ಈಚೆಗೆ ಚಿತ್ರಗಳ ಮ್ಯೂಸಿಯಂ ತೆರೆದಿದ್ದರು. ಈ ಸೀಮೆಯ ಚಿತ್ರಗಾರರ ಕೆಲಸವನ್ನೆಲ್ಲ ಅಟ್ಟದಿಂದ, ಗೋಡೌನಿನಿಂದ, ಮೊಮ್ಮಕ್ಕಳ ಮಂಚದ ಕೆಳಗಿನಿಂದ ಎಳೆದು ತಂದು ತೂಗುಹಾಕಿದ್ದಾರೆ ಎಂದು ಪಾಪು ಕೇಳಿದ್ದಳು. ದಿನಾ ಅದರ ಮುಂದೆ ಓಡಾಡಿದರೂ ಒಳಗೆ ಕಾಲಿಟ್ಟಿರಲಿಲ್ಲ. ಮಧ್ಯಾಹ್ನ ಅಂಗಡಿಗೆ ರಜೆ ಇತ್ತು. ಇಬ್ಬರೂ ಹೋದರು.

ಬಾಗಿಲಲ್ಲೇ ಒಬ್ಬ ಹೆಂಗಸು ಇವರ ಕೊಡೆಗಳನ್ನು ಇಸಿದುಕೊಂಡಳು. ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತಳಾಗಿ ಈಗ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದವಳು. ಊರೆಲ್ಲ ಅವಳನ್ನು ಇನ್ನೂ ಟೀಚರಮ್ಮ ಎಂದೇ ಕರೆಯುತ್ತಿತ್ತು. ಒಳಗೆ ಸ್ಟಾಂಪು ಮಾರುತ್ತಿದ್ದ ಕೌಂಟರಿನ ಜಾಲರಿ ಹಾಗೇ ಇತ್ತು. ನೆಲಕ್ಕೆ ಹೊಸದಾಗಿ ಪಾಲಿಶ್ ಹಾಕಿದ್ದರಿಂದ ಚಪ್ಪಲಿ ಕಿರ್ ಕಿರ್ ಎನ್ನುತ್ತಿತ್ತು. ಮನೆಯಂಗಳದಲ್ಲಿ ಮಾತಾಡುವವರ ಗಂಟಲು ಇಂಥ ಕಡೆ ತಾನಾಗಿಯೇ ಇಳಿಯುತ್ತದಲ್ಲ, ಚಿಕ್ಕಮ್ಮನದು ಇಳಿಯಲಿಲ್ಲ.

"ನೋಡೇ, ಈ ಮಹಾನುಭಾವ ಜೀವಮಾನವಿಡೀ ಬರೀ ಸೇತುವೆ ಬರ್ದಿದ್ದಾನೆ! ಒಂದು ನರಪಿಳ್ಳೆ ಇಲ್ಲ ಅದರ ಮೇಲೆ."

ಮುಂದಿನವು ಬ್ಯಾಂಕಿನ ಗುಮಾಸ್ತನೊಬ್ಬ ಬರೆದ ಚಿತ್ರಗಳು. ಎಲ್ಲದರಲ್ಲೂ ಅವನ ಹೆಂಡತಿ, ಎಲ್ಲದರಲ್ಲೂ ಬೆನ್ನು ಹಾಕಿ ಕೂತವಳು: ಪಾತ್ರೆ ತೊಳೆಯುತ್ತಾ, ಕಿಟಕಿಯಲ್ಲಿ, ಹಾಸಿಗೆಯ ತುದಿಯಲ್ಲಿ. "ಮುನಿಸ್ಕೊಂಡವಳನ್ನ ಸಮಾಧಾನ ಮಾಡೋದು ಬಿಟ್ಟು ಬರ್ಕೊಂಡು ಕೂತಿದ್ದಾನಲ್ಲ, ಇವನಿಗೇನು ಬಂತು ದೊಡ್ಡರೋಗ," ಎಂದಳು ಚಿಕ್ಕಮ್ಮ. ಪಾಪು ನಕ್ಕಳು. ನಗುತ್ತಲೇ ಅವಳಿಗೆ ಆಶ್ಚರ್ಯವಾಯಿತು. ಇವರೆಲ್ಲ ಇದೇ ಊರಿನವರು. ಇವಳು ನಡೆದ ಬೀದಿಯಲ್ಲೇ ನಡೆದು, ಇವಳು ಕಂಡ ಸೇತುವೆಯನ್ನೇ ಕಂಡು, ಸದ್ದಿಲ್ಲದೆ ಬರೆದಿಟ್ಟು ಹೋಗಿದ್ದಾರೆ. ಯಾರಿಗೂ ಸುದ್ದಿಯೇ ಇಲ್ಲ. ಆ ಹೆಂಡತಿಯ ಕತ್ತಿನ ಹಿಂದಿನ ಸಣ್ಣ ಕೂದಲುಗಳ ಮುಂದೆ ಅವಳು ಬಹಳ ಹೊತ್ತು ನಿಂತಳು. ಬೆನ್ನು ಹಾಕಿದವರನ್ನೂ ಇಷ್ಟು ಪ್ರೀತಿಯಿಂದ ನೋಡಬಹುದೇ ಎಂದು ಅವಳಿಗೆ ಅನ್ನಿಸಿತು.

ಹಿಂದಿನ ಕೋಣೆ ಅಂಚೆಮೂಟೆ ಇಡುತ್ತಿದ್ದ ಜಾಗ. ಇದ್ದುದೊಂದು ಎತ್ತರದ ಕಿಟಕಿ. ಮೂರು ಗೋಡೆ ತುಂಬ ಮುಖಗಳು. ಹರೆಯದವರು, ಮಕ್ಕಳು, ಎಲ್ಲರೂ ಒಂದೇ ಬಗೆಯ ಕಂದುಬಣ್ಣದ ಹಿನ್ನೆಲೆಯಿಂದ ಎದ್ದು ಬಂದವರ ಹಾಗೆ ಇದ್ದರು. ಪಾಪುವಿನದು ಪಳಗಿದ ಕಣ್ಣು. ಆ ಮುಖಗಳಲ್ಲಿ ಏನೋ ಎಡವಟ್ಟಿದೆ ಎಂದು ಅದಕ್ಕೆ ತಕ್ಷಣ ಗೊತ್ತಾಯಿತು, ಏನೆಂದು ಮಾತ್ರ ಹೊಳೆಯಲಿಲ್ಲ. ಈ ತರುಣನ ಮೂಗು ಅವನದಲ್ಲ. ಆ ಹುಡುಗನ ತುಟಿಗೂ ಗಲ್ಲಕ್ಕೂ ನಂಟೇ ಇಲ್ಲ. ಒಂದು ಮುಖದೊಳಗಿಂದ ಇನ್ನೊಬ್ಬರು ಇಣುಕುತ್ತಿದ್ದರು.

ಕಿಟಕಿಯ ಪಕ್ಕದ ಚಿತ್ರದ ಮುಂದೆ ಅವಳ ಕಾಲು ನಿಂತೇಹೋಯಿತು.

ನೀಲಿ ಫ್ರಾಕು ತೊಟ್ಟ ಹುಡುಗಿ. ಬಿಳಿ ಕಾಲರು. ಎಡಗಿವಿ ಬಲಗಿವಿಗಿಂತ ಒಂದು ಚೂರು ಮೇಲೆ. ಯಾರಿಗೂ ಕಾಣದಷ್ಟು ಸಣ್ಣ ಓರೆ ಅದು, ಆದರೆ ಕನ್ನಡಕ ಕೂರಿಸುವವಳಿಗೆ ಕಾಣದೇ ಇರುತ್ತದೆಯೇ? ಅದೇ ಓರೆ ತನ್ನ ಕಿವಿಗೂ ಇದ್ದುದರಿಂದ ಅವಳು ತನ್ನ ಸ್ವಂತ ಕನ್ನಡಕದ ಎಡಗಡೆಯ ಕಡ್ಡಿಯನ್ನು ಯಾವಾಗಲೂ ಸ್ವಲ್ಪ ಹೆಚ್ಚು ಬಾಗಿಸಿಕೊಳ್ಳುತ್ತಿದ್ದಳು. ಪಾಪು ತನ್ನ ಕಿವಿ ಮುಟ್ಟಿ ನೋಡಿಕೊಂಡಳು. ಆಮೇಲೆ ಚಿತ್ರದ ಕೆಳಗಿನ ಪಟ್ಟಿ ಓದಿದಳು: "ತೀರಿಕೊಂಡ ಮಗು. ಎಣ್ಣೆಬಣ್ಣ."

ಓದಿದ್ದನ್ನೇ ಇನ್ನೊಮ್ಮೆ ಓದಿದಳು.

"ಚಿಕ್ಕಮ್ಮಾ, ಇದು ನಾನಲ್ವಾ?"

ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ನಿದ್ದೆಯಲ್ಲಿಯೂ ಮಾತಾಡುವ ಹೆಂಗಸು, ಹೊಸ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

ಟೀಚರಮ್ಮ ಬಂದವಳು ಇವರ ಮುಖ ನೋಡದೆಯೇ ತನ್ನ ಪಾಠ ಶುರುಮಾಡಿದಳು. "ಈ ಕೋಣೆ ಪೂರ್ತಿ ಒಬ್ಬರದೇ. ಬಣ್ಣದ ತಾತ ಅಂತಿದ್ರು. ಆಗ ಎಲ್ಲರ ಮನೇಲೂ ಫೋಟೋ ಎಲ್ಲಿರ್ತಿತ್ತು? ಯಾರಾದ್ರೂ ಹೋಗ್ಬಿಟ್ರೆ ಮನೆಯವರು ತಾತನ ಹತ್ರ ಬರೋರು, ಒಂದು ಚಿತ್ರ ಮಾಡ್ಕೊಡಿ ಅಂತ. ತಾತ ಕೇಳ್ತಿದ್ದುದು ಒಂದೇ, ಹೋದವರ ಹಾಗೆ ಮನೇಲಿ ಯಾರಿದ್ದಾರೆ? ಮೂಗು ಅತ್ತೆಯದಾ, ಅತ್ತೇನ ಕೂರ್ಸಿ. ಹಣೆ ಅಣ್ಣಂದಾ, ಅಣ್ಣನ್ನ ಕರ್ಕೊಂಡ್ಬನ್ನಿ. ಹೀಗೆ ಬದುಕಿರೋರ ಹತ್ರ ಎರವಲು ತಗೊಂಡು ಸತ್ತವರನ್ನ ಬರೆಯೋರು. ಎರವಲು ಮುಖ ಅಂತ್ಲೇ ಅದಕ್ಕೆ ಹೆಸರು. ಕೂತೋರು ಎಷ್ಟೋ ಜನ ಇನ್ನೂ ಇದಾರೆ. ಇಲ್ಲಿಗೆ ಬಂದು ತಮ್ಮ ಮುಖ ಸತ್ತವರ ಗೋಡೆ ಮೇಲೆ ನೋಡಿ ಗಾಬರಿಯಾಗ್ತಾರೆ."

ಪಾಪು ನೀಲಿ ಫ್ರಾಕಿನ ಕಡೆ ಬೆರಳು ತೋರಿಸಿದಳು. "ಇದು?" ಎಂದಳು.

"ಇದರದೇ ಒಂದು ಕಥೆ. ತಾತ ಎಲ್ಲ ಮುಗಿಸಿದ್ರೂ ಕಣ್ಣಲ್ಲಿ ಬೆಳಕಿನ ಚುಕ್ಕೆ ಇಡ್ತಿರ್ಲಿಲ್ಲ. ತಾಯಿ ಬಂದು ನೋಡಿ 'ಹೌದು, ನನ್ನ ಮಗು' ಅನ್ಬೇಕು. ಅಂದ್ಮೇಲೇ ಚುಕ್ಕೆ. ಇಲ್ಲಿ ಉಳಿದಿರೋದೆಲ್ಲ ತಾಯಂದಿರು 'ನನ್ನ ಮಗು ಅಲ್ಲ' ಅಂದ ಚಿತ್ರಗಳೇ, ಕಣ್ಣು ನೋಡಿ, ಮಂಕು. ಇದೊಂದಕ್ಕೆ ಮಾತ್ರ ಬೆಳಕಿದೆ. ಅಂದ್ರೆ ತಾಯಿ ಹೌದು ಅಂದಿದ್ದಾಳೆ. ಅಂದಮೇಲೂ ಯಾಕೆ ಬಿಟ್ಟುಹೋದಳು, ನಮಗ್ಯಾರಿಗೂ ಗೊತ್ತಿಲ್ಲ."

ಹುಡುಗಿಯ ಕಣ್ಣಲ್ಲಿ ಅಕ್ಕಿಕಾಳಿಗಿಂತ ಸಣ್ಣದಾದ ಎರಡು ಬಿಳಿ ಚುಕ್ಕೆಗಳು ನಿಜವಾಗಿಯೂ ಇದ್ದವು. ಅವು ಪಾಪುವನ್ನೇ ನೋಡುತ್ತಿದ್ದವು. ನೆಟ್ಟಗೆ, ಎಳ್ಳಷ್ಟೂ ಕದಲದೆ.

ಹೊರಗಿನ ಮೆಟ್ಟಿಲ ಮೇಲೆ ಕೂತು ಚಿಕ್ಕಮ್ಮ ಬಾಯಿ ಬಿಟ್ಟಳು. ತನಗೊಬ್ಬ ಅಕ್ಕ ಇದ್ದಳೆಂದು, ಜ್ವರದಲ್ಲಿ ಹೋದಳೆಂದು ಪಾಪುವಿಗೆ ಗೊತ್ತಿತ್ತು. ಮನೆಯಲ್ಲಿ ಅವಳ ಫೋಟೋ ಇರಲಿಲ್ಲ, ಮಾತೂ ಇರಲಿಲ್ಲ. "ನೀನೂ ಅವಳೂ ಅಚ್ಚು ಒಂದೇ ಅಂತಿದ್ರು ಎಲ್ರೂ. ಆದ್ರೆ ಅವಳು ಹೋದಾಗ ನೀನಿನ್ನೂ ಸಣ್ಣೋಳು, ಮುಖ ತುಂಬಿರ್ಲಿಲ್ಲ. ಅವಳ ವಯಸ್ಸು ನಿನಗೆ ಬರ್ಲಿ ಅಂತ ತಾತ ಹೇಳಿದ್ರು. ನಿಮ್ಮಮ್ಮ ಎರಡು ವರ್ಷ ಕಾದಳು ಕಣೇ. ಆಮೇಲೆ ಅವಳ ಫ್ರಾಕು ನಿನಗೆ ಹಾಕಿ ನಾನೇ ಕರ್ಕೊಂಡು ಹೋಗ್ತಿದ್ದೆ. ಚಿತ್ರ ಮುಗಿದ ದಿನ ನಿಮ್ಮಮ್ಮ ಒಬ್ಬಳೇ ಹೋದ್ಲು. ಬಂದವಳು ಬಾಗಿಲು ಹಾಕ್ಕೊಂಡ್ಲು. ಆ ಮಾತು ಯಾರೂ ಎತ್ಬಾರ್ದು ಅಂತ ಆಣೆ ಹಾಕ್ಸಿದ್ಲು. ಅಷ್ಟೇ ನನಗೆ ಗೊತ್ತಿರೋದು, ನಿನ್ನಾಣೆ."

ಒಂದು ಎತ್ತರದ ಸ್ಟೂಲು, ಕತ್ತು ಕೆರೆಯುವ ಕಾಲರು, ಟರ್ಪೆಂಟೈನ್ ವಾಸನೆ, ಗಲ್ಲ ಹಿಡಿದು ತಿರುಗಿಸುವ ತಣ್ಣನೆಯ ಬೆರಳು. ಯಾವುದೋ ಡಾಕ್ಟರ ಕೋಣೆಯ ಕನಸು ಎಂದು ಪಾಪು ಇಷ್ಟು ಕಾಲ ನಂಬಿದ್ದ ನೆನಪು ಅದು. ಅಲ್ಲಿ ಕೂತಿದ್ದಾಗ ತಾನು ಯಾರಾಗಿದ್ದೆ ಎಂದು ಅವಳು ಯೋಚಿಸಿದಳು. ಅಮ್ಮನ ಲೆಕ್ಕದಲ್ಲಿ ಆ ಸ್ಟೂಲಿನಿಂದ ಕೆಳಗಿಳಿದವಳು ಯಾರು? ಚಿಕ್ಕಮ್ಮ ಏನೇನೋ ಸಮಾಧಾನ ಹೇಳುತ್ತಿದ್ದಳು, ಒಂದೂ ಕಿವಿಗೆ ಹೋಗಲಿಲ್ಲ.

ಮನೆಗೆ ಹೋದಾಗ ಅಮ್ಮ ಕುರ್ಚಿಯಲ್ಲಿ ಕೂತು ಹಳೆಯ ಸ್ವೆಟರೊಂದನ್ನು ಬಿಚ್ಚಿ ಉಣ್ಣೆದಾರವನ್ನು ಉಂಡೆ ಸುತ್ತುತ್ತಿದ್ದಳು. ಕಣ್ಣು ಬೇಡದ ಕೆಲಸ. ಪಾಪು ಚಪ್ಪಲಿಯನ್ನೂ ಬಿಡದೆ ಎದುರಿಗೆ ನಿಂತಳು. ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಬಂದವಳು.

"ಅಮ್ಮಾ, ಬಣ್ಣದ ತಾತನ ಚಿತ್ರ ನೋಡ್ಕೊಂಡು ಬಂದೆ. ನೀಲಿ ಫ್ರಾಕಿಂದು."

ಉಂಡೆ ಅಮ್ಮನ ಕೈಯಿಂದ ಜಾರಿ ಮಂಚದ ಕೆಳಗೆ ಉರುಳಿತು. ಅಮ್ಮ ಅದನ್ನು ಹುಡುಕಲಿಲ್ಲ.

"ಅಳಿಸ್ಲಿಲ್ವಾ ಅವರು?" ಎಂದಳು. "ಅಳಿಸಿಬಿಡಿ ಅಂತ ಕಾಲು ಹಿಡ್ಕೊಂಡಿದ್ದೆ."

"ಯಾಕೆ?"

ಅಮ್ಮ ಅರ್ಧ ಬಿಚ್ಚಿದ ಸ್ವೆಟರನ್ನು ಮಡಿಲಲ್ಲಿ ಮಡಚತೊಡಗಿದಳು. ಪಾಪು ಕೂಗಾಡಿದಳು, ಅತ್ತಳು, ನಾನಿನ್ನು ಕೇಳೋದಿಲ್ಲ ಬಿಡು ಎಂದು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ದಡಬಡ ಇಟ್ಟಳು. ಅಲ್ಲಿದ್ದಾಗ ಹಿಂದಿನಿಂದ ಅಮ್ಮನ ದನಿ ಬಂತು.

"ನಾಳೆ ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗು. ಕಣ್ಣು ಕಾಣ್ತಿರೋವಾಗ್ಲೇ ಹೋಗ್ಬರೋಣ."

ಮಾರನೆಯ ಬೆಳಿಗ್ಗೆ ಪಾಪು ಅಂಗಡಿಗೆ ರಜೆ ಹೇಳಿದಳು. ಅಮ್ಮ ಶಾಲು ಹೊದ್ದು, ಮಗಳ ತೋಳು ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತ ಬಂದಳು. ಮ್ಯೂಸಿಯಮ್ಮಿನಲ್ಲಿ ಅವರ ಹೊರತು ಯಾರೂ ಇರಲಿಲ್ಲ. ಟೀಚರಮ್ಮ ಈ ಸಲ ಒಳಬಾಗಿಲಲ್ಲೇ ಉಳಿದಳು. ಹಿಂದಿನ ಕೋಣೆಗೆ ಬಂದಾಗ ಮಂಕುಗಣ್ಣಿನ ಅಷ್ಟೂ ಮುಖಗಳು ಅಮ್ಮನ ಕಡೆಗೇ ತಿರುಗಿದಂತೆ ಪಾಪುವಿಗೆ ಅನ್ನಿಸಿತು. ತಾಯಂದಿರು ಬೇಡವೆಂದು ಬಿಟ್ಟುಹೋದವರು ಅವರು. ಇಷ್ಟು ಕಾಲದ ಮೇಲೆ ಒಬ್ಬಳು ತಾಯಿ ವಾಪಸು ಬಂದಿದ್ದಳು.

ಅಮ್ಮ ನೀಲಿ ಫ್ರಾಕಿನ ಹತ್ತಿರ ಹೋಗಿ, ಮೂಗು ಕ್ಯಾನ್ವಾಸಿಗೆ ತಾಗುವಷ್ಟು ಬಗ್ಗಿದಳು. ಕಾಲರಿನಿಂದ ಶುರುಮಾಡಿ ಅಂಗುಲ ಅಂಗುಲವಾಗಿ ಮೇಲಕ್ಕೆ ಹೋದಳು. ಅವಳ ಉಸಿರು ಪಾಪುವಿಗೆ ಕೇಳಿಸುತ್ತಿತ್ತು.

"ಎರಡು ವರ್ಷ ನಿನ್ನನ್ನೇ ನೋಡ್ತಾ ಇದ್ದೆ," ಎಂದಳು ಅಮ್ಮ, ಚಿತ್ರಕ್ಕೆ ಹೇಳುವವಳ ಹಾಗೆ. "ಎದ್ದಾಗ ನೋಡ್ತಿದ್ದೆ, ಊಟ ಮಾಡೋವಾಗ ನೋಡ್ತಿದ್ದೆ, ಮಲಗಿದ್ರೆ ದೀಪ ಹಿಡ್ಕೊಂಡು ನೋಡ್ತಿದ್ದೆ. ಯಾವಾಗ ಅವಳ ಹಾಗೆ ಆಗ್ತೀಯ ಅಂತ. ಆದೆ. ಕೂರ್ಸಿದ್ರು. ಚಿತ್ರ ಮುಗಿದ ದಿನ ತಾತ ಕೇಳಿದ್ರು, ಇವಳೇನಾ ನಿನ್ನ ಮಗಳು? ನಾನು ಹೌದು ಅಂದೆ. ಒಂದು ಚೂರೂ ಯೋಚ್ನೆ ಮಾಡ್ಲಿಲ್ಲ ಕಣೇ, ಖುಷಿಯಿಂದ ಅಂದೆ. ಅವರು ಕಣ್ಣಿಗೆ ಬೆಳಕಿಟ್ರು. ಇಟ್ಟ ತಕ್ಷಣ ಗೊತ್ತಾಯ್ತು, ಅಯ್ಯೋ, ಇದು ದೊಡ್ಡವಳಲ್ಲ, ಪಾಪು. ಕಣ್ಣು ಮುಚ್ಕೊಂಡು ದೊಡ್ಡವಳನ್ನ ನೆನೆಸ್ಕೊಂಡೆ. ಅಲ್ಲೂ ನೀನೇ ಬಂದೆ. ಎಷ್ಟು ನೆನೆಸಿದ್ರೂ ನೀನೇ. ನನ್ನ ಮಗು ಮುಖ ನನ್ನ ತಲೇಲೇ ಇರ್ಲಿಲ್ಲ. ನಿನ್ನ ನೋಡೀ ನೋಡೀ ಅವಳನ್ನ ಅಳಿಸಿಹಾಕ್ಬಿಟ್ಟಿದ್ದೆ."

ಪಾಪು ಒಂದು ಹೆಜ್ಜೆ ಹತ್ತಿರ ಬಂದಳು.

"ಅದಕ್ಕೇ ನನ್ನ ಮುಖ ನೋಡೋದು ಬಿಟ್ಟೆಯಾ?"

"ನೋಡ್ದೇ ಇದ್ರೆ ಅವಳು ವಾಪಸ್ ಬರ್ತಾಳೇನೋ ಅಂದ್ಕೊಂಡೆ."

"ಬಂದ್ಲಾ?"

"ಇಲ್ಲ," ಎಂದಳು ಅಮ್ಮ. "ಪೂರ್ತಿ ಕತ್ತಲಾದ್ಮೇಲಾದ್ರೂ ಬರ್ಬಹುದು ಅಂತ ಕಾಯ್ತಾ ಇದ್ದೆ."

ಆಪರೇಷನ್ ಬೇಡವೆಂದದ್ದು ಇದಕ್ಕೆ. ಇದ್ದೊಂದು ಬೆಳಕನ್ನೂ ಸತ್ತ ಮಗಳಿಗೆ ಕೊಟ್ಟುಬಿಡಲು ಹೊರಟಿದ್ದಳು ಈ ಹೆಂಗಸು. ಪಾಪುವಿಗೆ ದುಃಖವೂ ಸಿಟ್ಟೂ ಒಟ್ಟಿಗೇ ನುಗ್ಗಿಬಂದವು. ಆ ಗೋಡೆಗಳು ಅಂಥ ದನಿಯನ್ನು ಕೇಳಿರಲಿಕ್ಕಿಲ್ಲ.

"ನಾನಿದ್ದೆನಲ್ಲಮ್ಮಾ! ನಾನೇನು ಸತ್ತಿದ್ನಾ? ಇಷ್ಟು ವರ್ಷ ನಿನ್ನ ಎದುರಿಗೇ ಓಡಾಡ್ಕೊಂಡಿದ್ದೆ. ಅವಳ ಜೊತೆ ನನ್ನನ್ನೂ ಹೂತುಹಾಕಿದೆಯಲ್ಲ, ನಾನೇನು ಪಾಪ ಮಾಡಿದ್ದೆ ನಿನಗೆ? ನೋಡು ಈ ಕಡೆ! ಒಂದು ಸಲ ನೋಡು!"

ಬಾಗಿಲಲ್ಲಿದ್ದ ಟೀಚರಮ್ಮ ಒಂದು ಹೆಜ್ಜೆ ಮುಂದಿಟ್ಟು, ಮತ್ತೆ ಹಿಂದಕ್ಕೆ ಸರಿದಳು. ಅಮ್ಮ ಚಿತ್ರದಿಂದ ಮುಖ ತೆಗೆದು, ಬಹಳ ನಿಧಾನವಾಗಿ ತಿರುಗಿದಳು. ಅವಳ ನೋಟ ಅಭ್ಯಾಸಬಲದಿಂದ ಪಾಪುವಿನ ಹೆಗಲಿಗೆ ಹೋಯಿತು. ಅಲ್ಲಿ ಒಂದು ಗಳಿಗೆ ನಿಂತಿತು. ಆ ಗಳಿಗೆಯಲ್ಲಿ ಪಾಪುವಿಗೆ ತನ್ನ ಹಿಂದೆ ಯಾರೋ ನಿಜವಾಗಿಯೂ ಇದ್ದಾರೆ ಅನ್ನಿಸಿತು. ಆದರೂ ಅವಳು ತಿರುಗಿ ನೋಡಲಿಲ್ಲ. ನೋಡಿದರೆ ಅಮ್ಮ ಮತ್ತೆ ಕೈಜಾರಿ ಹೋಗುತ್ತಾಳೆಂಬ ಭಯ.

ಅಮ್ಮನ ಎರಡೂ ಕೈ ಗಾಳಿಯಲ್ಲಿ ತಡಕಾಡಿ ಅವಳ ಕೆನ್ನೆ ಹುಡುಕಿಕೊಂಡವು. ಮುಖವನ್ನು ಕಿಟಕಿಯ ಕಡೆಗೆ ಎಳೆದುಕೊಂಡು, ಚಿತ್ರಕ್ಕೆ ಬಗ್ಗಿದ ಹಾಗೆಯೇ ಹತ್ತಿರ ಬಂದಳು. ಬೂದಿಬಣ್ಣಕ್ಕೆ ತಿರುಗಿದ ಆ ಕಣ್ಣುಗಳು ಪಾಪುವಿನ ಗಲ್ಲದ ಮೇಲೆ ಓಡಾಡಿದವು, ಬಾಯಿಯ ಪಕ್ಕದ ಗೆರೆಗಳ ಮೇಲೆ ನಿಂತವು, ಕಣ್ಣ ಕೆಳಗಿನ ಕಪ್ಪಿಗೆ ಬಂದವು. ಹೆಬ್ಬೆರಳು ಹಣೆಯ ಸುಕ್ಕೊಂದನ್ನು ಒರೆಸಿ ತೆಗೆಯಲು ನೋಡಿತು. ಸುಕ್ಕು ಹೋಗಲಿಲ್ಲ.

"ಅಯ್ಯೋ ಮಗಳೇ," ಎಂದಳು. "ಯಾವಾಗ್ಲೇ ಇಷ್ಟು ವಯಸ್ಸಾಯ್ತು ನಿನಗೆ?"

ತಡೆದರೂ ತಡೆಯದೆ ಪಾಪುವಿನ ಕಣ್ಣೀರು ಧಾರಾಕಾರವಾಗಿ ಇಳಿದು ಅಮ್ಮನ ಬೆರಳುಗಳನ್ನು ತೋಯಿಸಿತು.

"ಅಳಬೇಡ, ಸ್ವಲ್ಪ ಇರು," ಎಂದಳು ಅಮ್ಮ, ಶಾಲಿನ ತುದಿಯಿಂದ ಅವಳ ಮುಖ ಒರೆಸುತ್ತಾ. "ನಾನಿನ್ನೂ ನೋಡಿ ಮುಗಿಸಿಲ್ಲ."